ಮೀನಿನ ಮೈಮೇಲೆ ಗಡ್ಡೆ ಕಂಡರೆ



ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ್ದು. "ತಾತ, ನಮ್ಮ ಗೋಲ್ಡ್ ಫಿಶ್ ಹೊಟ್ಟೆ ಬಲೂನ್ ಥರ ಊದಿಕೊಂಡಿದೆ" ಎಂದು ಒಬ್ಬಳು ಪುಟ್ಟಿ ಬರೆದಿದ್ದಾಳೆ. "ಬಾಲದ ಮೇಲೆ ಬಿಳಿ ಗುಳ್ಳೆ ಎದ್ದಿದೆ. ಅಂಗಡಿಯವರು ನೀಲಿ ಔಷಧಿ ಕೊಟ್ಟಿದ್ದಾರೆ. ಎಷ್ಟು ಹನಿ ಹಾಕಲಿ?" ಎಂದು ಇನ್ನೊಬ್ಬ ಹುಡುಗ ಕೇಳಿದ್ದಾನೆ. ಮೂರನೆಯದು ಒಬ್ಬ ಅಜ್ಜಿಯವರದು, ಮಕ್ಕಳ ಪತ್ರಕ್ಕಿಂತ ಚಿಕ್ಕದು: "ಮೊಮ್ಮಗನ ಮೀನಿನ ತಲೆಯ ಮೇಲೆ ಗಡ್ಡೆ ಬಂದಿದೆ. ಕ್ಯಾನ್ಸರೋ ಏನೋ. ಅವನಿಗೆ ಹೇಗೆ ಹೇಳುವುದು?"

ಮೂವರಿಗೂ ಒಂದೇ ಮಾತಿನಿಂದ ಶುರು ಮಾಡುತ್ತೇನೆ. ಔಷಧಿಯ ಬಾಟಲಿ ಮುಟ್ಟುವ ಮೊದಲು ಹತ್ತು ನಿಮಿಷ ತೊಟ್ಟಿಯ ಮುಂದೆ ಸುಮ್ಮನೆ ಕೂತು ನೋಡಿ. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಜೇಬಿನಿಂದ ದುಡ್ಡು ತೆಗೆದು ಪೆಟ್ಟಿಗೆಗೆ ಹಾಕುತ್ತಿರಲಿಲ್ಲ, ಮೊದಲು ಚೀಟಿಗಳನ್ನೆಲ್ಲ ಒಂದೊಂದಾಗಿ ತಿರುವುತ್ತಿದ್ದೆವು. ಮೀನಿನ ವಿಷಯವೂ ಅಷ್ಟೇ. ತಪ್ಪು ಎಲ್ಲಿದೆ ಎಂದು ಗೊತ್ತಾಗದೆ ಔಷಧಿ ಸುರಿದರೆ ಒಂದು ತಪ್ಪು ಎರಡಾಗುತ್ತದೆ.

ಒಂದು ನೋಟ್‌ಬುಕ್ ತೆಗೆದುಕೊಂಡು ಐದು ಪ್ರಶ್ನೆ ಬರೆಯಿರಿ. ಊತ ಒಂದೇ ಕಡೆ ಇದೆಯೇ, ಎರಡೂ ಬದಿಗೆ ಸಮನಾಗಿದೆಯೇ? ರಾತ್ರಿ ಬೆಳಗಾಗುವುದರೊಳಗೆ ಬಂತೇ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯಿತೇ? ಮೀನು ಊಟ ಮಾಡುತ್ತಿದೆಯೇ? ಮಲ ಹೇಗಿದೆ? ತೊಟ್ಟಿಗೆ ಹೊಸದಾಗಿ ಏನು ಬಂತು: ಹೊಸ ಮೀನು, ಹೊಸ ಗಿಡ, ಹೊಸ ಆಹಾರ? ಈ ಐದಕ್ಕೆ ಉತ್ತರ ಬರೆದರೆ ಅರ್ಧ ವೈದ್ಯ ಮುಗಿದ ಹಾಗೆ.

ಕಾಯಿಲೆಯೇ ಅಲ್ಲದ ಊತಗಳು

ಗಾಬರಿಪಡುವ ಮೊದಲು ಇವನ್ನು ಲೆಕ್ಕದಿಂದ ತೆಗೆದುಬಿಡೋಣ. ಗಪ್ಪಿ, ಮಾಲಿ, ಪ್ಲಾಟಿ ಜಾತಿಯ ಹೆಣ್ಣುಗಳು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತವೆ. ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಟ್ಟೆ ಚೌಕಾಕಾರಕ್ಕೆ ತಿರುಗಿ, ಬಾಲದ ಕಡೆಯ ಕಪ್ಪು ಮಚ್ಚೆ ದಟ್ಟವಾದರೆ ಅದು ಬಸುರಿ. ಔಷಧಿ ಬೇಡ, ಮರಿಗಳು ಅಡಗಲು ಒಂದಿಷ್ಟು ಪಾಚಿಗಿಡ ಬೇಕು.

ಗಂಡು ಗೋಲ್ಡ್ ಫಿಶ್ ಬೆದೆಗೆ ಬಂದಾಗ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ಈಜುರೆಕ್ಕೆಯ ಮುಂದಿನ ಅಂಚಿನಲ್ಲಿ ರವೆಯಂಥ ಬಿಳಿ ಚುಕ್ಕೆ ಸಾಲಾಗಿ ಏಳುತ್ತವೆ. ಜಾಗ ಆ ಎರಡೇ ಆಗಿದ್ದು ಮೀನು ಚುರುಕಾಗಿದ್ದರೆ ಅದು ಮದುವೆಯ ಅಲಂಕಾರ, ರೋಗವಲ್ಲ.

ಅಜ್ಜಿಯವರೇ, ನಿಮಗೊಂದು ಪ್ರಶ್ನೆ. ಮೊಮ್ಮಗನ ಮೀನು ಒರಾಂಡಾ ಜಾತಿಯದೇ? ಆ ಜಾತಿಯ ತಲೆಯ ಮೇಲೆ ರಾಸ್‌ಬೆರಿ ಹಣ್ಣಿನಂತೆ, ನಮ್ಮ ಲೆಕ್ಕದಲ್ಲಿ ಹೂಕೋಸಿನ ತುಂಡಿನಂತೆ ಮಾಂಸದ ಕಿರೀಟ ಬೆಳೆಯುವುದು ಹುಟ್ಟುಗುಣ. ಚೀನಾದವರು ಸಾವಿರ ವರ್ಷಕ್ಕೂ ಹಿಂದಿನಿಂದ ಕೆರೆಯ ಮೀನನ್ನು ಆರಿಸಿ ಆರಿಸಿ ಬೆಳೆಸಿದ್ದರ ಫಲ ಈ ಗೋಲ್ಡ್ ಫಿಶ್ ಜಾತಿಗಳು. ಕಿರೀಟ ಎರಡೂ ಕಡೆ ಸಮನಾಗಿದ್ದು, ಮೈಬಣ್ಣವನ್ನೇ ಹೊಂದಿದ್ದು, ಕಣ್ಣು ಮುಚ್ಚದಿದ್ದರೆ ಚಿಂತೆ ಬಿಡಿ. ಒಂದೇ ಬದಿಗೆ, ಬೇರೆ ಬಣ್ಣದ ಗಂಟಾಗಿದ್ದರೆ ಮುಂದೆ ಓದಿ.

ಹೊಟ್ಟೆ ಊದಿದಾಗ

ಪುಟ್ಟಿಯ ಬಲೂನ್ ಹೊಟ್ಟೆಗೆ ಬರೋಣ. ಇಲ್ಲಿ ಎರಡು ದಾರಿ ಇದೆ, ಎರಡನ್ನೂ ಬೇರೆ ಮಾಡಲು ಒಂದು ಸುಲಭ ಉಪಾಯವೂ ಇದೆ. ಮೀನನ್ನು ಮೇಲಿನಿಂದ ನೋಡು. ಹುರುಪೆಗಳು ಮೈಗೆ ಅಂಟಿಕೊಂಡು ನುಣ್ಣಗಿವೆಯೇ, ಅಥವಾ ಸೀತಾಫಲದ ಮೈಯಂತೆ ಒಂದೊಂದಾಗಿ ಎದ್ದು ನಿಂತಿವೆಯೇ?

ನುಣ್ಣಗಿದ್ದರೆ ಬಹುಪಾಲು ಮಲಬದ್ಧತೆ. ಒಣ ಕಾಳಿನಂಥ ಆಹಾರವನ್ನು ಗಬಗಬ ನುಂಗಿದ ಗೋಲ್ಡ್ ಫಿಶ್‌ಗೆ ಇದು ಸಾಮಾನ್ಯ. ಮೀನು ಓರೆಯಾಗಿ ತೇಲುತ್ತದೆ, ತಲೆಕೆಳಗಾಗಿಯೂ ನಿಲ್ಲುತ್ತದೆ. ಎರಡು-ಮೂರು ದಿನ ಉಪವಾಸ ಹಾಕು. ಅಜ್ಜಿಯ ಏಕಾದಶಿಯಂತೆ ಎಂದುಕೋ, ಮೀನು ಸಾಯುವುದಿಲ್ಲ. ಆಮೇಲೆ ಒಂದು ಹಸಿರು ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಬೆರಳಲ್ಲಿ ಹಿಸುಕಿ ಚೂರುಚೂರಾಗಿ ಕೊಡು. ಉಪ್ಪು ಒಗ್ಗರಣೆ ಇರಬಾರದು! ಮುಂದೆ ಒಣ ಆಹಾರವನ್ನು ಐದು ನಿಮಿಷ ನೀರಲ್ಲಿ ನೆನೆಸಿ ಹಾಕು.

ಹುರುಪೆ ಎದ್ದು ನಿಂತಿದ್ದರೆ ಅದು ಜಲೋದರ, ಅಂಗಡಿಯವರ ಬಾಯಲ್ಲಿ ಡ್ರಾಪ್ಸಿ. ಇದು ಏಕೆ ಆಗುತ್ತದೆ ಎಂದು ತಿಳಿಯಲು ರಾತ್ರಿ ನಾಲ್ಕು ಒಣದ್ರಾಕ್ಷಿ ನೀರಿಗೆ ಹಾಕಿ ಇಡು. ಬೆಳಿಗ್ಗೆ ದುಂಡಗೆ ಉಬ್ಬಿರುತ್ತವೆ. ದ್ರಾಕ್ಷಿಯ ಒಳಗೆ ಸಕ್ಕರೆ ಹೆಚ್ಚು, ಹೊರಗೆ ಬರೀ ನೀರು. ಅದಕ್ಕೇ ನೀರು ಒಳಗೆ ನುಗ್ಗುತ್ತದೆ. ಸಿಹಿನೀರಿನ ಮೀನಿನ ಮೈಯೊಳಗೂ ಹೊರಗಿನ ನೀರಿಗಿಂತ ಉಪ್ಪು ಹೆಚ್ಚು. ಹಗಲೂ ರಾತ್ರಿ ಕಿವಿರಿನ ಮೂಲಕ ನೀರು ಒಳಗೆ ಬರುತ್ತಲೇ ಇರುತ್ತದೆ, ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತಲೇ ಇರುತ್ತದೆ. ಮೂತ್ರಪಿಂಡ ಸೋತ ದಿನ ಮೀನು ದ್ರಾಕ್ಷಿಯಂತೆ ಉಬ್ಬುತ್ತದೆ. ಹೆಚ್ಚಾಗಿ ಏರೊಮೊನಾಸ್‌ನಂಥ ಬ್ಯಾಕ್ಟೀರಿಯಾ ಇದರ ಹಿಂದಿರುತ್ತವೆ. ಅವು ಎಲ್ಲ ತೊಟ್ಟಿಯಲ್ಲೂ ಇರುವಂಥವೇ, ಕೊಳಕು ನೀರಿನಲ್ಲಿ ಮೀನು ಬಳಲಿದಾಗ ಮೇಲುಗೈ ಪಡೆಯುತ್ತವೆ.

ಚಿಕಿತ್ಸೆ? ಮೀನನ್ನು ಬೇರೆ ಪಾತ್ರೆಗೆ ಹಾಕಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಎಪ್ಸಮ್ ಉಪ್ಪನ್ನು ಹತ್ತು ಲೀಟರಿಗೆ ಅರ್ಧ ಟೀ ಚಮಚದಂತೆ ಕರಗಿಸಿ ಹಾಕಿ. ಊತ ಇಳಿಸಲು ಅದು ನೆರವಾಗುತ್ತದೆ. ದಿನವೂ ಸ್ವಲ್ಪ ನೀರು ಬದಲಿಸಿ. ಮೊದಲ ದಿನವೇ ಕಂಡುಹಿಡಿದರೆ ಕೆಲವು ಉಳಿಯುತ್ತವೆ. ಹುರುಪೆಯೆಲ್ಲ ನಿಂತ ಮೇಲೆ ಉಳಿಯುವುದು ಕಷ್ಟ. ಇದನ್ನು ಮುಚ್ಚಿಡುವುದಿಲ್ಲ, ಮಕ್ಕಳಿಂದಲೂ.

ಮೈಮೇಲಿನ ಗುಳ್ಳೆ, ಗಂಟು, ಹತ್ತಿ

ಈಗ ನೀಲಿ ಔಷಧಿಯ ಹುಡುಗ. ನಿನ್ನ ಮೀನಿನ ಗುಳ್ಳೆ ಈ ಕೆಳಗಿನ ಯಾವುದಕ್ಕೆ ಹೋಲುತ್ತದೆ ನೋಡು.

ಪುಡಿ ಉಪ್ಪು ಉದುರಿಸಿದ ಹಾಗೆ ಮೈತುಂಬ ಚುಕ್ಕೆ, ಮೀನು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದೆ: ಇದು ಬಿಳಿಚುಕ್ಕೆ ರೋಗ. ಕಣ್ಣಿಗೆ ಕಾಣದ ಒಂದು ಜೀವಿ ಚರ್ಮದ ಅಡಿಯಲ್ಲಿ ಮನೆ ಮಾಡಿದೆ. ನಮ್ಮ ಕಡೆ ಧನುರ್ಮಾಸದ ಮುಂಜಾವಿನಲ್ಲಿ ತೊಟ್ಟಿಯ ನೀರು ತಟ್ಟನೆ ತಣ್ಣಗಾದಾಗ ಇದು ಕಾಣಿಸಿಕೊಳ್ಳುವುದು ಹೆಚ್ಚು. ಚರ್ಮದ ಒಳಗಿರುವಾಗ ಅದಕ್ಕೆ ಯಾವ ಔಷಧಿಯೂ ತಾಗುವುದಿಲ್ಲ. ಅದು ಉದುರಿ, ಒಂದು ನೂರಾರಾಗಿ ಒಡೆದು, ಮತ್ತೆ ಮೀನು ಹುಡುಕಿ ಈಜುವಾಗ ಮಾತ್ರ ಸಾಯುತ್ತದೆ. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಮೂರನೇ ದಿನಕ್ಕೆ ಔಷಧಿ ನಿಲ್ಲಿಸಬೇಡ, ಹತ್ತು ಹದಿನಾಲ್ಕು ದಿನ ಮುಂದುವರಿಸು. ಹೀಟರ್ ಇದ್ದರೆ ದಿನಕ್ಕೆ ಒಂದು ಡಿಗ್ರಿಯಂತೆ ಏರಿಸಿ 28 ಡಿಗ್ರಿಗೆ ನಿಲ್ಲಿಸು. ಬಿಸಿಗೆ ಅದರ ಜೀವನಚಕ್ರ ಬೇಗ ತಿರುಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಗಾಳಿಯ ಪಂಪು ನಿಲ್ಲಬಾರದು. ಕರೆಂಟ್ ಹೋದರೆ ಒಂದು ಲೋಟದಲ್ಲಿ ನೀರನ್ನು ಎತ್ತಿ ಎತ್ತಿ ಹೊಯ್ಯಬೇಕು. ಆ ಕೆಲಸಕ್ಕೆ ತಾತಂದಿರಿಗಿಂತ ಬಿಡುವಾದವರು ಯಾರಿದ್ದಾರೆ?

ಮೇಣದಬತ್ತಿ ಕರಗಿ ಬಿದ್ದ ಹಾಗೆ ನುಣುಪಾದ ಬಿಳಿ ಉಬ್ಬು, ಗೋಲ್ಡ್ ಫಿಶ್ ಅಥವಾ ಕೋಯಿ ಮೀನಿನ ಮೇಲೆ: ಇದು ಕಾರ್ಪ್ ಪಾಕ್ಸ್. ಒಂದು ವೈರಸ್ಸಿನ ಕೆಲಸ. ಚಳಿಗೆ ಏಳುತ್ತದೆ, ಬಿಸಿಲುಕಾಲಕ್ಕೆ ತಾನೇ ಇಳಿಯುತ್ತದೆ. ಔಷಧಿ ಇಲ್ಲ, ಬೇಕಾಗುವುದೂ ಕಡಿಮೆ.

ಬೇರೆ ಜಾತಿಯ ಮೀನಿನ ಈಜುರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ನರಹುಲಿ: ಲಿಂಫೋಸಿಸ್ಟಿಸ್. ಇದೂ ವೈರಸ್ಸು. ವಾರಗಟ್ಟಲೆ ಇದ್ದು, ನೀರು ಚೊಕ್ಕಟವಾಗಿದ್ದರೆ ಉದುರಿಹೋಗುತ್ತದೆ. ಕತ್ತರಿಸಲು ಹೋಗಬೇಡಿ.

ಗಾಯದ ಮೇಲೆ ಹತ್ತಿ ಅಂಟಿದ ಹಾಗೆ: ಬೂಷ್ಟು. ಇದಕ್ಕೆ ಉಪ್ಪು ಒಳ್ಳೆಯದು. ಆದರೆ ಬಾಯಿಯ ಸುತ್ತ ಹತ್ತಿಯಂತೆ ಕಂಡು ಒಂದೆರಡು ದಿನದಲ್ಲೇ ಹರಡಿದರೆ ಅದು ಬೂಷ್ಟಲ್ಲ, ಕೊಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ. ಆಗ ತಡಮಾಡದೆ ತಿಳಿದವರನ್ನು ಕೇಳಬೇಕು. ಈ ಬ್ಯಾಕ್ಟೀರಿಯಾ ಬಿಸಿಗೆ ಇನ್ನೂ ಚುರುಕಾಗುತ್ತದೆ, ಬಿಳಿಚುಕ್ಕೆ ಎಂದುಕೊಂಡು ನೀರು ಬಿಸಿ ಮಾಡಿದರೆ ಅಪಾಯ. ಮೊದಲು ನೋಡಿ ಎಂದು ಹೇಳಿದ್ದು ಇದಕ್ಕೇ.

ಚಪ್ಪಟೆಯಾದ ಗುಂಡು ಚುಕ್ಕೆ, ಕಣ್ಣಿಟ್ಟು ನೋಡಿದರೆ ಜರುಗುತ್ತದೆ: ಮೀನುಹೇನು. ಮೈಯಿಂದ ದಾರದ ತುಂಡು ನೇತಾಡುತ್ತದೆ, ತುದಿ ಕವಲೊಡೆದಿದೆ: ಲಂಗರು ಹುಳು. ನಮ್ಮ ಭಾಗದ ಸಾಕಣೆ ಕೆರೆಗಳ ಕಾಟ್ಲಾ, ರೋಹು ಮೀನುಗಳಿಗೂ ಇವುಗಳ ಕಾಟ ಇದೆ. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು ಚಿಮಟದಿಂದ ತೆಗೆಯಬಹುದು. ಇದು ದೊಡ್ಡವರ ಕೆಲಸ. ಉಳಿದ ಮೊಟ್ಟೆಗಳಿಗೆ ಬೇರೆ ಔಷಧಿ ಬೇಕು.

ನಿಧಾನವಾಗಿ ತಿಂಗಳುಗಟ್ಟಲೆ ಬೆಳೆದ ಒಂದೇ ಗಂಟು, ಮೀನು ಮಾತ್ರ ಉಂಡಾಡಿಕೊಂಡಿದೆ: ಇದು ನಿಜವಾದ ಗಡ್ಡೆ ಇರಬಹುದು. ಮೀನಿಗೂ ಗಡ್ಡೆ ಬರುತ್ತದೆ, ವಯಸ್ಸಾದ ಗೋಲ್ಡ್ ಫಿಶ್‌ಗೆ ಇನ್ನೂ ಹೆಚ್ಚು. ಎಲ್ಲ ಗಡ್ಡೆಯೂ ಕೊಲ್ಲುವುದಿಲ್ಲ. ಉಸಿರಾಟಕ್ಕೆ, ಊಟಕ್ಕೆ, ಈಜಿಗೆ ಅಡ್ಡ ಬರದಿದ್ದರೆ ಅದರ ಜೊತೆಯಲ್ಲೇ ವರ್ಷಗಟ್ಟಲೆ ಬದುಕುವ ಮೀನುಗಳಿವೆ.

ಮೀನಿಗೂ ಆಪರೇಷನ್ ಆಗಿದೆ ಎಂದರೆ ನಂಬುತ್ತೀರಾ? 2014ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಲಾರ್ಟ್ ಸ್ಮಿತ್ ಪ್ರಾಣಿ ಆಸ್ಪತ್ರೆಗೆ ಜಾರ್ಜ್ ಎಂಬ ಹತ್ತು ವರ್ಷದ ಗೋಲ್ಡ್ ಫಿಶ್ ಬಂತು. ತಲೆಯ ಮೇಲೆ ದೊಡ್ಡ ಗಡ್ಡೆ. ವೈದ್ಯ ಟ್ರಿಸ್ಟನ್ ರಿಚ್ ಅರಿವಳಿಕೆ ಬೆರೆಸಿದ ನೀರಿನಲ್ಲಿ ಅದನ್ನು ಮಲಗಿಸಿ, ಬಾಯಿಗೆ ಕೊಳವೆ ಇಟ್ಟು ಕಿವಿರಿನ ಮೇಲೆ ನೀರು ಹರಿಯುವಂತೆ ಮಾಡಿ, ಸುಮಾರು 45 ನಿಮಿಷದಲ್ಲಿ ಗಡ್ಡೆ ತೆಗೆದರು. ಜಾರ್ಜ್ ಮತ್ತೆ ತನ್ನ ಕೊಳಕ್ಕೆ ಹೋಗಿ ಈಜಿತು. ನಮ್ಮ ಮಿರ್ಲೆಯಲ್ಲೋ ಕೆ.ಆರ್. ನಗರದಲ್ಲೋ ಅಂಥ ಏರ್ಪಾಡು ಇಲ್ಲ. ಆದರೆ ಕೇಳಲು ಜನ ಇದ್ದಾರೆ. ತಾಲ್ಲೂಕಿನಲ್ಲಿ ಮೀನುಗಾರಿಕೆ ಇಲಾಖೆಯ ಕಚೇರಿ ಇದೆ, ಪಶು ವೈದ್ಯರಿದ್ದಾರೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಮೀನಿನ ವಿದ್ಯೆಯನ್ನೇ ಕಲಿಸುತ್ತಿದೆ. ಒಳ್ಳೆಯ ಬೆಳಕಿನಲ್ಲಿ ತೆಗೆದ ಎರಡು ಫೋಟೋ ಮತ್ತು ನೀವು ಬರೆದ ಐದು ಉತ್ತರ ಕೈಯಲ್ಲಿದ್ದರೆ ಯಾರನ್ನು ಕೇಳಿದರೂ ಅವರಿಗೆ ಹೇಳಲು ಸುಲಭ.

ಆಸ್ಪತ್ರೆ ತೊಟ್ಟಿಯ ಲೆಕ್ಕ

ರೋಗಿಯನ್ನು ಬೇರೆ ಮಾಡಲು ಒಂದು ಹೊಸ ಪ್ಲಾಸ್ಟಿಕ್ ಟಬ್ ಸಾಕು, ಸೋಪು ಕಾಣದ ಟಬ್. ಹಳೆಯ ತೊಟ್ಟಿಯದೇ ನೀರು, ಒಂದು ಗಾಳಿ ಪಂಪು, ಮೇಲೆ ಬಲೆ. ಔಷಧಿಗೆ ಮೊದಲು ನೀರೆಷ್ಟು ಎಂದು ಗೊತ್ತಿರಬೇಕು. ಐದನೇ ಕ್ಲಾಸಿನವರು ಮಾಡಿ: ಉದ್ದ 60 ಸೆಂ.ಮೀ., ಅಗಲ 30, ನೀರಿನ ಎತ್ತರ 25. ಗುಣಿಸಿದರೆ 45,000. ಸಾವಿರದಿಂದ ಭಾಗಿಸಿದರೆ 45 ಲೀಟರ್. ಕಲ್ಲು, ಮರಳು ತುಂಬಿದ ಜಾಗ ಕಳೆದರೆ ಸುಮಾರು 40.

ಉಪ್ಪು ಹಾಕುವುದಾದರೆ ಲೀಟರಿಗೆ 2 ಗ್ರಾಂ, ಅಂದರೆ ಹತ್ತು ಲೀಟರ್ ಟಬ್ಬಿಗೆ 20 ಗ್ರಾಂ. ಕೈಯಳತೆ ಬೇಡ, ತಕ್ಕಡಿಯಲ್ಲಿ ತೂಗಿ. ಬೇರೆ ನೀರಿನಲ್ಲಿ ಕರಗಿಸಿ, ಎರಡು ಕಂತಿನಲ್ಲಿ, ಎರಡು ದಿನಕ್ಕೆ ಹಾಕಿ. ತಳದಲ್ಲಿ ಓಡಾಡುವ ಮೀಸೆಯ ಕೋರಿಡೋರಸ್ ಮೀನಿಗೆ, ನೀರಿನ ಗಿಡಗಳಿಗೆ ಉಪ್ಪು ಆಗಿಬರದು.

ನೀಲಿಯಾಗಲಿ ಹಸಿರಾಗಲಿ ಅಂಗಡಿಯ ಔಷಧಿಗೆ ಬಾಟಲಿಯ ಮೇಲಿನ ಅಳತೆಯೇ ಅಳತೆ. ಹೆಸರು, ಅಳತೆ ಬರೆದಿರದ ಬಾಟಲಿಯನ್ನು ಹಿಂದಿರುಗಿಸಿ. ಎರಡು ಔಷಧಿ ಒಟ್ಟಿಗೆ ಬೇಡ. ಮನೆಯಲ್ಲಿ ಉಳಿದ ಜ್ವರದ ಮಾತ್ರೆ, ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ತೊಟ್ಟಿಗೆ ಹಾಕುವವರನ್ನು ನೋಡಿದ್ದೇನೆ. ಅದು ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಕೊಲ್ಲಬಹುದು. ಮೀನಿನ ಹೇಲು ಉಚ್ಚೆಯಿಂದ ಬರುವ ಅಮೋನಿಯಾ ಎಂಬ ವಿಷವನ್ನು ಅರಗಿಸುವವು ಆ ಬ್ಯಾಕ್ಟೀರಿಯಾಗಳೇ. ಅವು ಸತ್ತರೆ ಗಡ್ಡೆಯಿಂದ ಸಾಯದ ಮೀನು ನೀರಿನಿಂದ ಸಾಯುತ್ತದೆ. ಅದಕ್ಕೇ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಪೂರ್ತಿ ಬೇಡ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಒಂದು ಹಗಲು ರಾತ್ರಿ ತೆರೆದ ಬಕೆಟಿನಲ್ಲಿಟ್ಟು ಬಳಸಿ.

ಮಕ್ಕಳ ಕೈಗೂ ಒಂದು ಎಚ್ಚರಿಕೆ. ಬೆನ್ನು ಬಾಗಿ, ಬಡಕಲಾಗಿ, ವಾಸಿಯಾಗದ ಹುಣ್ಣಿರುವ ಮೀನಿಗೆ ಕ್ಷಯದ ಬಳಗದ ಒಂದು ಬ್ಯಾಕ್ಟೀರಿಯಾ ತಗುಲಿರಬಹುದು. ನಮ್ಮ ಕೈಯ ಗಾಯದ ಮೂಲಕ ಅದು ಚರ್ಮಕ್ಕೆ ಹತ್ತಿ ಗಂಟಾಗುತ್ತದೆ. ಗಾಯವಿದ್ದರೆ ತೊಟ್ಟಿಗೆ ಕೈ ಹಾಕಬೇಡಿ. ಪೈಪಿನಿಂದ ನೀರನ್ನು ಬಾಯಲ್ಲಿ ಎಳೆಯಬೇಡಿ. ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಕಾಯಿಲೆ ಮೀನನ್ನು ಹೊಳೆಗೆ ಬಿಡಬೇಡಿ

"ಪಾಪ, ಕಾವೇರಿಗೆ ಬಿಟ್ಟುಬಿಡೋಣ, ಬದುಕಿಕೊಳ್ಳಲಿ" ಎನ್ನುವ ಕರುಣೆಯನ್ನು ನಾನು ಬಲ್ಲೆ. ದಯವಿಟ್ಟು ಬಿಡಬೇಡಿ, ನಾಲೆಗೂ ಬೇಡ. 1971ರಲ್ಲಿ ಜಪಾನಿನಲ್ಲಿ ಮೊದಲು ಕಂಡ ಒಂದು ಹುಣ್ಣು ರೋಗ ದೇಶದಿಂದ ದೇಶಕ್ಕೆ ದಾಟಿ 1988ರಲ್ಲಿ ಭಾರತದ ಈಶಾನ್ಯಕ್ಕೆ ಬಂತು. 1990ರ ದಶಕದಲ್ಲಿ ದಕ್ಷಿಣದ ಕೆರೆ ಹೊಳೆಗಳಿಗೂ ಇಳಿಯಿತು. ಕೊರವದಂಥ ಗಟ್ಟಿ ಮೀನುಗಳ ಮೈಮೇಲೂ ಕೆಂಪು ಹುಣ್ಣು. ಜನ ಮೀನು ಕೊಳ್ಳಲು ಹೆದರಿದರು, ಹಿಡಿಯುವವರ ಒಲೆ ಆರಿತು. ಭುವನೇಶ್ವರದ ಕೇಂದ್ರ ಸಿಹಿನೀರು ಮೀನುಗಾರಿಕೆ ಸಂಸ್ಥೆ ಇದಕ್ಕೆಂದೇ ಸಿಫಾಕ್ಸ್ ಎಂಬ ಔಷಧಿ ತಯಾರಿಸಬೇಕಾಯಿತು. ನೀರಿಗೆ ಬಿದ್ದ ರೋಗಕ್ಕೆ ಬೇಲಿ ಹಾಕಲಾಗುವುದಿಲ್ಲ. ನಮ್ಮ ಮೇಲಿನ ರಾಮನಾಥಪುರದಲ್ಲಿ ದೇವಸ್ಥಾನದ ಮುಂದಿನ ಕಾವೇರಿ ಮಡುವಿನ ದೊಡ್ಡ ಮೀನುಗಳಿಗೆ ಕಡ್ಲೆಪುರಿ ಹಾಕಿದ್ದೀರಲ್ಲ? ಅವು ಬದುಕಿರುವುದು ತಲೆಮಾರುಗಳಿಂದ ಜನ ಅವನ್ನು ಕಾದಿದ್ದರಿಂದ. ಅದೇ ಕಾವೇರಿಗೆ ನಮ್ಮ ತೊಟ್ಟಿಯ ರೋಗ ಸೇರಬಾರದು.

ಹೊಸ ಮೀನು ತಂದಾಗಲೂ ಇದೇ ನಿಯಮ: ಮೊದಲು ಎರಡು ಮೂರು ವಾರ ಟಬ್ಬಿನಲ್ಲಿ ಬೇರೆ ಇಡಿ, ಆಮೇಲೆ ತೊಟ್ಟಿಗೆ.

ಅಜ್ಜಿಯವರ ಪ್ರಶ್ನೆಗೆ

"ಅವನಿಗೆ ಹೇಗೆ ಹೇಳುವುದು?" ಪತ್ರದಲ್ಲಿ ಅತಿ ಕಷ್ಟದ ಪ್ರಶ್ನೆ ಇದೇ. ನಮ್ಮ ಬೀದಿಯ ಒಂದು ಮನೆಯಲ್ಲಿ ಜಲೋದರದಿಂದ ಸತ್ತ ಮೀನನ್ನು ರಾತ್ರೋರಾತ್ರಿ ತೆಗೆದು, ಅದೇ ಬಣ್ಣದ ಇನ್ನೊಂದನ್ನು ಮೈಸೂರಿನಿಂದ ತಂದು ಬಿಟ್ಟರು. ಎಂಟು ವರ್ಷದ ಹುಡುಗ ಬೆಳಿಗ್ಗೆ ಎರಡು ನಿಮಿಷ ನೋಡಿದ. "ಇದರ ಬಾಲದಲ್ಲಿ ಕಪ್ಪು ಗೆರೆ ಇಲ್ಲವಲ್ಲ" ಎಂದ. ಯಾರೂ ಮಾತಾಡಲಿಲ್ಲ. ಆಮೇಲೆ ಅವನು ಆ ಮೀನಿಗೆ ಹೆಸರಿಡಲೇ ಇಲ್ಲ. ದಿನಾ ನೋಡುವ ಮಗುವಿನ ಕಣ್ಣನ್ನು ಮೋಸ ಮಾಡಲಾಗುವುದಿಲ್ಲ. ನೋಡು ನೋಡು ಎಂದು ಕಲಿಸಿದವರು ನಾವೇ, ಅದು ನೋಡಿದ್ದನ್ನು ಸುಳ್ಳು ಎನ್ನುವುದು ಹೇಗೆ?

ಆದ್ದರಿಂದ ನಿಜವನ್ನೇ ಹೇಳಿ, ಸಣ್ಣ ಮಾತಿನಲ್ಲಿ: "ಮೀನಿಗೆ ಹುಷಾರಿಲ್ಲ ಕಂದ. ನಮಗೆ ತಿಳಿದದ್ದನ್ನು ಮಾಡೋಣ. ಉಳಿಯಲೂಬಹುದು, ಉಳಿಯದೆಯೂ ಇರಬಹುದು." ಅವನಿಗೊಂದು ಕೆಲಸ ಕೊಡಿ: ಉಪ್ಪು ತೂಗುವುದು, ನೋಟ್‌ಬುಕ್ ಬರೆಯುವುದು. ಉಳಿಯದಿದ್ದರೆ ಟಾಯ್ಲೆಟ್ಟಿಗೆ ಸುರಿಯಬೇಡಿ. ಹಿತ್ತಲಿನಲ್ಲಿ ನಾಯಿ ಬೆಕ್ಕು ಕೆದಕದಷ್ಟು ಆಳ ತೋಡಿ ಹೂಳಿ, ಮೇಲೊಂದು ಗಿಡ ನೆಡಿ. ಅತ್ತರೆ ಅಳಲಿ. "ನನ್ನಿಂದ ಸತ್ತಿತಾ?" ಎಂದು ಕೇಳಿದರೆ "ಇಲ್ಲ, ನೀನು ನೋಡಿಕೊಂಡಿದ್ದಕ್ಕೇ ಇಷ್ಟು ದಿನ ಇತ್ತು" ಎನ್ನಿ. ಇಂಗ್ಲೆಂಡಿನಲ್ಲಿ ಟಿಶ್ ಎಂಬ ಗೋಲ್ಡ್ ಫಿಶ್ 43 ವರ್ಷ ಬದುಕಿ 1999ರಲ್ಲಿ ತೀರಿಕೊಂಡಿತು. ಎಂದಾದರೂ ವಿದಾಯ ಹೇಳಲೇಬೇಕು. ತಾತ ಅಜ್ಜಿಯರಾದ ನಮಗೆ ಅದು ಗೊತ್ತಿದೆ, ಮಕ್ಕಳಿಗೂ ನಮ್ಮ ಪಕ್ಕದಲ್ಲಿ ಕೂತೇ ಗೊತ್ತಾಗಲಿ.

ಈ ವಾರದ ಮನೆಕೆಲಸ: ನಿಮ್ಮ ಮೀನು ಚೆನ್ನಾಗಿರುವಾಗಲೇ ಅದರ ಚಿತ್ರ ಬರೆಯಿರಿ. ಎಡಬದಿ, ಬಲಬದಿ, ಮೇಲಿನಿಂದ. ಮಚ್ಚೆ, ಗೆರೆ, ಹುರುಪೆಯ ಸಾಲು ಎಲ್ಲ ಇರಲಿ. ಆರೋಗ್ಯವಾಗಿದ್ದಾಗ ಹೇಗಿತ್ತೆಂದು ತಿಳಿದವರಿಗೆ ಮಾತ್ರ ಕಾಯಿಲೆ ಬೇಗ ಕಾಣುತ್ತದೆ. ಚಿತ್ರ ಕಳಿಸಿ, ಮೀನಿನ ಹೆಸರು ಬರೆಯುವುದನ್ನು ಮರೆಯಬೇಡಿ. ಮುಂದಿನ ವಾರ, ಬೇಸಿಗೆ ರಜೆಗೆ ಊರಿಗೆ ಹೋಗುವಾಗ ತೊಟ್ಟಿಯನ್ನು ಯಾರಿಗೆ ಒಪ್ಪಿಸುವುದು, ಏನು ಹೇಳಿ ಹೋಗುವುದು ಎಂಬ ವಿಷಯ.

ನಿಮ್ಮ ಮಿರ್ಲೆ ತಾತ